ಕಾರ್ಡ್ ಜೇಬಲ್ಲೇ ಇರುತ್ತೆ, ದುಡ್ಡು ಮಾತ್ರ ಹೋಗಿರುತ್ತೆ: ಇದು ಹೇಗಾಗುತ್ತೆ, ತಡೆಯೋದು ಹೇಗೆ

ಕಾರ್ಡ್ ಕಳ್ಳತನ ಅಂದ್ರೆ ರಶ್ಶಲ್ಲಿ ಯಾರೋ ಪರ್ಸ್ ಎಗರಿಸಿದ್ರು ಅನ್ನೋದೇ ತುಂಬಾ ಜನರ ತಲೇಲಿರೋದು. ಅದೂ ಆಗುತ್ತೆ, ಇಲ್ಲ ಅಂತಲ್ಲ. ಆದ್ರೆ ಎಷ್ಟೋ ಸಲ ಕಾರ್ಡ್ ಪರ್ಸಲ್ಲೇ ಇರುತ್ತೆ, ದುಡ್ಡು ಮಾತ್ರ ನಾವು ಯಾವತ್ತೂ ಹೋಗದೇ ಇರೋ ಊರಿನ ಎಟಿಎಂನಿಂದ ಹೋಗಿರುತ್ತೆ, ಬ್ಯಾಂಕಿನ ಮೆಸೇಜ್ ನೋಡೋವರೆಗೂ ನಮಗೆ ಸುಳಿವೇ ಇರಲ್ಲ. ಹೇಗಾಯ್ತು ಅಂತ ಗೊತ್ತಾಗದೇ ಇದ್ದಾಗ ಜನ ಕಾರ್ಡ್ ಸಹವಾಸವೇ ಬೇಡ ಅಂತ ಹೆದರ್ತಾರೆ, ಇಲ್ಲಾಂದ್ರೆ ಯಾರೋ ಮಾರೋ ಸೇಫ್ಟಿ ಪರ್ಸು, ಕವರ್ರು ಎಲ್ಲ ತಗೊಂಡು ನಿಜವಾಗ್ಲೂ ಮಾಡ್ಬೇಕಾದ್ದನ್ನ ಬಿಟ್ಟುಬಿಡ್ತಾರೆ. ಹಾಗಾಗಿ ಮೊದ್ಲು ಕಳ್ಳನಿಗೆ ಏನು ಬೇಕು ಅಂತ ನೋಡೋಣ, ಅದು ಗೊತ್ತಾದ್ರೆ ನಾವೇನು ಮಾಡ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ನಿಮ್ಮ ಕೈಲಿರೋದು ಒಂದೇ ಕಾರ್ಡ್ ಆದ್ರೂ ಅದ್ರಲ್ಲಿ ಮೂರು ಬೇರೆ ಬೇರೆ ದಾರಿ ಇದೆ. ಹಿಂದೆ ಇರೋ ಕಪ್ಪು ಪಟ್ಟಿ, ಮುಂದೆ ಇರೋ ಚಿಪ್ಪು, ಮತ್ತೆ ಮೇಲೆ ಪ್ರಿಂಟ್ ಆಗಿರೋ ನಂಬರ್‌ಗಳು. ಇದ್ರ ಜೊತೆ ನಾಲ್ಕನೇದು ಪಿನ್, ಅದು ಕಾರ್ಡ್ ಮೇಲೆ ಬರೆದಿರಲ್ಲ, ನಿಮ್ಮ ತಲೇಲಿರುತ್ತೆ. ಕಳ್ಳನಿಗೆ ಇವುಗಳಲ್ಲಿ ಯಾವುದೋ ಒಂದು ಸಿಕ್ಕಿದ್ರೆ ಅವನಿಗೆ ಆಗೋ ಲಾಭ ಕಮ್ಮಿ, ಎರಡು ಸೇರಿದ್ರೆ ಖಾತೆ ಖಾಲಿ. ಪಟ್ಟಿಯ ಕಾಪಿ ಜೊತೆ ಪಿನ್ ಸೇರಿದ್ರೆ ಎಟಿಎಂನಿಂದ ಕ್ಯಾಶು, ಕದ್ದ ಕಾರ್ಡ್ ಜೊತೆ ಪಿನ್ ಸೇರಿದ್ರೂ ಅದೇ, ಕಾರ್ಡ್ ನಂಬರ್ ಜೊತೆ ಹಿಂದಿರೋ ಮೂರಂಕಿ ಸೇರಿದ್ರೆ ಒಟಿಪಿ ಕೇಳದ ಸೈಟಲ್ಲಿ ಆನ್‌ಲೈನ್ ಶಾಪಿಂಗು. ನಾನು ಕೆಳಗೆ ಹೇಳೋದೆಲ್ಲ ಇಷ್ಟೇ, ಈ ಎರಡು ಒಬ್ಬನ ಕೈಲೇ ಸೇರದ ಹಾಗೆ ನೋಡ್ಕೊಳ್ಳೋದು.

ಮೊದ್ಲು ಆ ಕಪ್ಪು ಪಟ್ಟಿ ವಿಷಯ, ಯಾಕಂದ್ರೆ ಅರ್ಧ ತೊಂದರೆಗೆ ಅದೇ ಮೂಲ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಇಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಕಾರ್ಡಿಗೆ ಮ್ಯಾಗ್ನೆಟಿಕ್ ಟೇಪ್ ಅಂಟಿಸೋ ವಿಧಾನ ಕಂಡುಹಿಡಿದ್ರು. ಹಳೇ ಆಡಿಯೋ ಕ್ಯಾಸೆಟ್ಟಲ್ಲಿ ಇರ್ತಿತ್ತಲ್ಲ, ಅದೇ ಥರದ ಟೇಪು. ಅದ್ರಲ್ಲಿ ನಿಮ್ಮ ಕಾರ್ಡ್ ನಂಬರು, ಅದು ಯಾವಾಗ ಮುಗಿಯುತ್ತೆ ಅನ್ನೋ ತಿಂಗಳು ವರ್ಷ, ಹೆಸರು, ಜೊತೆಗೆ ಬ್ಯಾಂಕ್ ಚೆಕ್ ಮಾಡೋಕೆ ಒಂದು ಗುಟ್ಟಿನ ಅಂಕಿ ಎಲ್ಲ ಹಾಗೇ ಬರೆದಿರುತ್ತೆ, ಯಾವ ಬೀಗವೂ ಇಲ್ಲದೆ. ಯಾವ ಮೆಷಿನ್ನಲ್ಲಿ ಉಜ್ಜಿದ್ರೂ ಅದು ಪ್ರತಿ ಸಲ ಅದೇ ಮಾಹಿತಿ ಕೊಡುತ್ತೆ, ಬದಲಾಗೋದೇ ಇಲ್ಲ. ಅಂದ್ರೆ ಒಂದು ಸಲ ಓದಿ ಇಟ್ಕೊಂಡವನು ಅದನ್ನ ಇನ್ನೊಂದು ಖಾಲಿ ಕಾರ್ಡ್ ಮೇಲೆ ಬರೆದ್ರೆ ಮೆಷಿನ್ ಪಾಲಿಗೆ ಅದೂ ನಿಮ್ಮ ಕಾರ್ಡೇ.

ಚಿಪ್ ಹಾಗಲ್ಲ. ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಈ ಮೂರೂ ಸೇರಿ 1990ರ ದಶಕದಲ್ಲಿ ಮಾಡಿದ ವ್ಯವಸ್ಥೆ ಅದು, ಅವುಗಳ ಮೊದಲಕ್ಷರ ಸೇರಿಸಿ ಇಎಂವಿ ಅಂತಾರೆ. ಚಿಪ್ಪೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ, ಒಂದು ಗುಪ್ತ ಕೀ, ಅಂದ್ರೆ ರಹಸ್ಯ ಸಂಖ್ಯೆ ಇದೆ, ಆ ಕೀ ಯಾವತ್ತೂ ಚಿಪ್ಪಿಂದ ಹೊರಗೆ ಬರಲ್ಲ. ನೀವು ಕಾರ್ಡ್ ಒಳಗೆ ಹಾಕಿದಾಗ ಮೆಷಿನ್ನು ಮೊತ್ತ, ತಾರೀಕು, ಜೊತೆಗೆ ಆ ಕ್ಷಣಕ್ಕೆ ತಾನೇ ಹುಟ್ಟಿಸಿದ ಒಂದು ಅಂಕಿ ಎಲ್ಲ ಕೊಡುತ್ತೆ, ಚಿಪ್ಪು ಅದನ್ನೆಲ್ಲ ಇದು ತನ್ನ ಎಷ್ಟನೇ ವ್ಯವಹಾರ ಅನ್ನೋ ಎಣಿಕೆಯ ಜೊತೆ ಸೇರಿಸಿ ಆ ಕೀ ಬಳಸಿ ಒಂದು ಕೋಡ್ ಮಾಡಿ ಕೊಡುತ್ತೆ. ಆ ಕೋಡ್ ಆ ಒಂದು ವ್ಯವಹಾರಕ್ಕೆ ಮಾತ್ರ. ಯಾರಾದ್ರೂ ಕದ್ದು ಕೇಳಿಸ್ಕೊಂಡ್ರೂ ಮತ್ತೆ ಅದನ್ನ ಹಾಕಿದ್ರೆ ಬ್ಯಾಂಕ್ ಒಪ್ಪಲ್ಲ. ಚಿಪ್ ಸ್ಲಾಟ್ ಒಳಗೆ ತೆಳ್ಳಗಿನ ಹಾಳೆಯಂಥ ಸರ್ಕ್ಯೂಟ್ ತೂರಿಸಿ ಕದಿಯೋರೂ ಇದ್ದಾರೆ, ಅದಕ್ಕೆ ಶಿಮ್ಮರ್ ಅಂತಾರೆ, ಆದ್ರೆ ಅದ್ರಲ್ಲಿ ಸಿಗೋ ಮಾಹಿತಿಯಿಂದ ಇನ್ನೊಂದು ಚಿಪ್ ಮಾಡೋಕಾಗಲ್ಲ, ಪಟ್ಟಿ ಕಾರ್ಡ್ ಮಾಡೋಕೆ ಹೋದ್ರೂ ಪಟ್ಟಿಯ ಗುಟ್ಟಿನ ಅಂಕಿ ಚಿಪ್ಪಲ್ಲಿರೋದಕ್ಕಿಂತ ಬೇರೆ, ಬ್ಯಾಂಕ್ ಸರಿಯಾಗಿ ಚೆಕ್ ಮಾಡಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಹಾಗಾದ್ರೆ ಚಿಪ್ ಕಾರ್ಡ್ ಇದ್ದೋರು ಯಾಕೆ ಹೆದರ್ಬೇಕು ಅಂತ ಕೇಳಬಹುದು. ಯಾಕಂದ್ರೆ ಅದೇ ಕಾರ್ಡಿನ ಹಿಂದೆ ಪಟ್ಟಿ ಇನ್ನೂ ಇದೆ. ನಿಮ್ಮ ಎಟಿಎಂ ಚಿಪ್ಪನ್ನೇ ಓದಬಹುದು, ಆದ್ರೆ ಕಾರ್ಡ್ ಒಳಗೆ ಹೋಗೋವಾಗ ಕಳ್ಳ ಅಂಟಿಸಿರೋ ಸ್ಕಿಮ್ಮರ್ ಅನ್ನೋ ಪುಟ್ಟ ಸಾಧನ ಆ ಪಟ್ಟಿಯನ್ನ ಕದ್ದು ಓದಿಬಿಡುತ್ತೆ, ಆಮೇಲೆ ಆ ಕಾಪಿಯನ್ನ ಚಿಪ್ ಕೇಳದೇ ಇರೋ ಮೆಷಿನ್ ಎಲ್ಲಿದ್ಯೋ ಅಲ್ಲಿಗೆ ತಗೊಂಡು ಹೋಗಿ ಬಳಸ್ತಾರೆ. ದುಡ್ಡು ಗೊತ್ತಿಲ್ಲದ ಊರಿಂದ ಹೋಗೋದು ಇದಕ್ಕೇ. ಮಾಸ್ಟರ್‌ಕಾರ್ಡ್ ಈ ಪಟ್ಟಿಯನ್ನ ನಿಧಾನಕ್ಕೆ ತೆಗೆದುಹಾಕ್ತೀವಿ ಅಂತ 2021ರಲ್ಲಿ ಹೇಳಿದೆ, 2029ರಿಂದ ಹೊಸ ಕಾರ್ಡಲ್ಲಿ ಹಾಕಲ್ಲ, 2033ಕ್ಕೆ ತನ್ನ ಯಾವ ಕ್ರೆಡಿಟ್, ಡೆಬಿಟ್ ಕಾರ್ಡಲ್ಲೂ ಇರಲ್ಲ ಅನ್ನೋದು ಅವರ ಲೆಕ್ಕ. ಅಲ್ಲಿವರೆಗೂ ನಾವೇ ಹುಷಾರಾಗಿರ್ಬೇಕು.

ಈಗ ಸ್ಕಿಮ್ಮರ್ ವಿಷಯಕ್ಕೆ ಬರೋಣ. ಎಟಿಎಂ, ಸೆಲ್ಫ್ ಸರ್ವೀಸ್ ಪೆಟ್ರೋಲ್ ಪಂಪು, ಟಿಕೆಟ್ ಮೆಷಿನ್ನು, ಪಾರ್ಕಿಂಗ್ ಮೆಷಿನ್ನು, ಅಂದ್ರೆ ಪಕ್ಕದಲ್ಲಿ ಯಾರೂ ಕಾವಲಿಲ್ಲದ ಕಡೆ ಇದನ್ನ ಹಾಕೋದು ಜಾಸ್ತಿ. ಹಳೇ ಥರದ್ದು ಕಾರ್ಡ್ ಹಾಕೋ ಬಾಯಿಯ ಮೇಲೆ ಅದೇ ಆಕಾರದ ಪ್ಲಾಸ್ಟಿಕ್ ಮುಖವಾಡ ಕೂರಿಸಿರ್ತಾರೆ, ಅದು ಸ್ವಲ್ಪ ಅಲ್ಲಾಡುತ್ತೆ, ಬಣ್ಣ ಪಕ್ಕದ ಭಾಗಕ್ಕೆ ಹೊಂದಲ್ಲ, ಅಂಚಲ್ಲಿ ಅಂಟು ಕಾಣುತ್ತೆ, ಕೆಲವು ಸಲ ಮೆಷಿನ್ ಮೇಲಿರೋ ಬಾಣದ ಗುರುತು ಅರ್ಧ ಮುಚ್ಚಿಹೋಗಿರುತ್ತೆ. ಕೈಲಿ ಹಿಡಿದು ಒಂದ್ಸಲ ಗಟ್ಟಿಯಾಗಿ ಅಲ್ಲಾಡಿಸಿ ನೋಡಿ, ಅಸಲಿ ಭಾಗ ಕದಲಲ್ಲ. ಪಕ್ಕದಲ್ಲಿ ಅದೇ ಥರದ ಇನ್ನೊಂದು ಮೆಷಿನ್ ಇದ್ರೆ ಎರಡನ್ನೂ ಹೋಲಿಸಿ ನೋಡಿದ್ರೆ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತೆ. ಆದ್ರೆ ಈ ಪರೀಕ್ಷೆ ಮೇಲೆ ಪೂರ್ತಿ ನಂಬಿಕೆ ಇಡ್ಬೇಡಿ, ಯಾಕಂದ್ರೆ ಈಗ ಸ್ಲಾಟ್ ಒಳಗೇ ಕೂರೋ ತೆಳು ಸ್ಕಿಮ್ಮರ್ ಇವೆ, ಪಂಪಿನ ಬಾಗಿಲು ತೆಗೆದು ಒಳಗಿನ ವೈರಿಗೇ ಜೋಡಿಸಿ ಬ್ಲೂಟೂತಲ್ಲಿ ಮಾಹಿತಿ ಎತ್ಕೊಳ್ಳೋ ಥರದ್ದೂ ಇವೆ, ಇವು ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ, ಎಷ್ಟು ಅಲ್ಲಾಡಿಸಿದ್ರೂ ಗೊತ್ತಾಗಲ್ಲ.

ಕೆಲವು ಎಟಿಎಂಗಳು ಕಾರ್ಡನ್ನ ನುಣ್ಣಗೆ ಒಳಗೆ ಎಳ್ಕೊಳ್ಳಲ್ಲ, ತಡವರಿಸಿ ತಡವರಿಸಿ ಎಳ್ಕೊಳ್ಳುತ್ತೆ, ಮೆಷಿನ್ ಕೆಟ್ಟಿದೆ ಅಂತ ಅನ್ಕೋಬೇಡಿ, ಸ್ಕಿಮ್ಮರ್ ಪಟ್ಟಿಯನ್ನ ಸರಿಯಾಗಿ ಓದದೇ ಇರ್ಲಿ ಅಂತ ಬೇಕಂತಲೇ ಹಾಗೆ ಮಾಡಿರ್ತಾರೆ.

ಎಟಿಎಂ ಕಳ್ಳತನದಲ್ಲಿ ಸ್ಕಿಮ್ಮರ್‌ಗಿಂತ ದೊಡ್ಡ ವಿಷಯ ಪಿನ್. ಪಟ್ಟಿ ಕಾಪಿ ಮಾಡಿದ್ರೂ ಪಿನ್ ಇಲ್ದೆ ಎಟಿಎಂ ದುಡ್ಡು ಕೊಡಲ್ಲ, ಅದನ್ನ ತಿಳ್ಕೊಳ್ಳೋಕೆ ಕಳ್ಳನಿಗಿರೋ ಸುಲಭದ ದಾರಿ ಅಂದ್ರೆ ಕ್ಯಾಮೆರಾ. ಕೀಪ್ಯಾಡ್ ಕಾಣೋ ಹಾಗೆ ಮೇಲಿನ ಲೈಟ್ ಪಟ್ಟಿಯಲ್ಲೋ, ಪಕ್ಕದಲ್ಲಿ ಅಂಟಿಸಿರೋ ಕರಪತ್ರದ ಡಬ್ಬದಲ್ಲೋ ಗುಂಡುಸೂಜಿ ತಲೆಯಷ್ಟು ತೂತು ಮಾಡಿ ಇಟ್ಟಿರ್ತಾರೆ. ಇದಕ್ಕೆ ಔಷಧಿ ತುಂಬಾ ಸುಲಭ, ಪಿನ್ ಒತ್ತೋವಾಗ ಇನ್ನೊಂದು ಕೈಯನ್ನ ಕೀಪ್ಯಾಡ್ ಮೇಲೆ ಗೂಡಿನ ಥರ ಅಡ್ಡ ಹಿಡೀರಿ. ಬರೀ ಬೆನ್ನು ಹಿಂದೆ ನಿಂತೋರಿಗೆ ಕಾಣದ ಹಾಗೆ ಅಲ್ಲ, ಮೇಲಿಂದ, ಎರಡೂ ಪಕ್ಕದಿಂದ್ಲೂ ಕಾಣದ ಹಾಗೆ. ಸುತ್ತ ಯಾರೂ ಇಲ್ಲದಿದ್ರೂ ಹೀಗೇ ಮಾಡ್ಬೇಕು, ಕ್ಯಾಮೆರಾಗೆ ಜನ ಇದ್ದಾರಾ ಇಲ್ವಾ ಅನ್ನೋದು ಬೇಕಾಗಿಲ್ಲ. ಈ ಇಡೀ ಬರಹದಲ್ಲಿ ಒಂದೇ ಒಂದು ಅಭ್ಯಾಸ ಮಾಡ್ಕೊಳ್ಳೋದಿದ್ರೆ ಇದನ್ನೇ ಮಾಡ್ಕೊಳ್ಳಿ ಅಂತ ಕೇಳ್ಕೋತೀನಿ, ಸ್ಕಿಮ್ಮರ್ ಎಷ್ಟೇ ಒಳಗೆ ಅಡಗಿದ್ರೂ ಕೈ ಮುಚ್ಚಿದ್ರೆ ಕ್ಯಾಮೆರಾ ಆಟ ನಡೆಯಲ್ಲ. ಕೀಪ್ಯಾಡ್ ಮೇಲೇ ಇನ್ನೊಂದು ನಕಲಿ ಕೀಪ್ಯಾಡ್ ಕೂರಿಸಿರೋ ಸಂದರ್ಭವೂ ಇರುತ್ತೆ, ಅಲ್ಲಿ ಕೈ ಮುಚ್ಚಿ ಪ್ರಯೋಜನ ಇಲ್ಲ, ಆದ್ರೆ ಅದು ಉಬ್ಬಿರುತ್ತೆ, ಕೀ ಒತ್ತಿದ್ರೆ ಮೆತ್ತಗೆ ಅನ್ಸುತ್ತೆ ಅಥವಾ ಸಿಕ್ಕಾಕೊಳ್ಳುತ್ತೆ, ಹಾಗನ್ನಿಸಿದ್ರೆ ಕ್ಯಾನ್ಸಲ್ ಮಾಡಿ ಬೇರೆ ಕಡೆ ಹೋಗಿ.

ಇನ್ನೊಂದು ವಿಷಯ, ಕೀ ಒತ್ತಿದ ಮೇಲೆ ಬೆರಳಿನ ಬಿಸಿ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು 2011ರಲ್ಲಿ ಥರ್ಮಲ್ ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡಿದಾಗ ಪ್ಲಾಸ್ಟಿಕ್ ಕೀಪ್ಯಾಡಲ್ಲಿ ಯಾವ ಕೀ ಒತ್ತಿದ್ದು ಅಂತ ಗೊತ್ತಾಗ್ತಿತ್ತು, ಲೋಹದ ಕೀಪ್ಯಾಡಲ್ಲಿ ಗೊತ್ತಾಗ್ಲಿಲ್ಲ. ಪಿನ್ ಹಾಕಿದ ಮೇಲೆ ಉಳಿದ ಕೀಗಳ ಮೇಲೂ ಒಂದು ಸಲ ಬೆರಳು ಇಟ್ಟು ತೆಗೆದ್ರೆ ಇದರ ಗೋಜೇ ಇರಲ್ಲ.

ಪಿನ್ ಆರಿಸೋದ್ರಲ್ಲೂ ಜನ ತುಂಬಾ ಸಡಿಲ. ನಾಲ್ಕಂಕಿ ಅಂದ್ರೆ 10,000 ಸಾಧ್ಯತೆ ಇದೆ, ಮೂರು ಸಲ ತಪ್ಪು ಹಾಕಿದ್ರೆ ಸಾಮಾನ್ಯವಾಗಿ ಕಾರ್ಡ್ ಲಾಕ್ ಆಗುತ್ತೆ, ಲೆಕ್ಕದ ಪ್ರಕಾರ ಕಳ್ಳನಿಗೆ ಅವಕಾಶ ತುಂಬಾ ಕಮ್ಮಿ. ಆದ್ರೆ 2012ರಲ್ಲಿ ಡೇಟಾ ಜೆನೆಟಿಕ್ಸ್ ಅನ್ನೋ ಸಂಸ್ಥೆ ಸೋರಿಕೆಯಾದ ಪಾಸ್‌ವರ್ಡ್‌ಗಳಲ್ಲಿ ನಾಲ್ಕಂಕಿಯವನ್ನ ಮಾತ್ರ ಆರಿಸಿ ಎಣಿಸಿದಾಗ ನೂರಕ್ಕೆ ಸುಮಾರು ಹನ್ನೊಂದು 1234 ಆಗಿತ್ತು, ಅದಾದ ಮೇಲೆ 1111, ಆಮೇಲೆ 0000. ಹುಟ್ಟಿದ ವರ್ಷ ಇಡೋರೂ ರಾಶಿ ಜನ, ಅದೇ ಪರ್ಸಲ್ಲಿ ಹುಟ್ಟಿದ ತಾರೀಕಿರೋ ಐಡಿ ಕಾರ್ಡೂ ಇಟ್ಟಿರ್ತಾರೆ, ಅಲ್ಲಿಗೆ ಕಳ್ಳನಿಗೆ ಮೂರು ಸಲದ ಅವಕಾಶವೇ ಜಾಸ್ತಿ ಆಯ್ತು. ಚೀಟಿಯಲ್ಲಿ ಪಿನ್ ಬರೆದು ಕಾರ್ಡ್ ಕವರಲ್ಲೇ ಇಡೋದಂತೂ ಬೇಡವೇ ಬೇಡ, ವಯಸ್ಸಾದವರು ಮರೆತುಹೋಗುತ್ತೆ ಅಂತ ಹೀಗೆ ಮಾಡಿರ್ತಾರೆ, ಮನೇಲಿ ಅಪ್ಪ ಅಮ್ಮನ ಪರ್ಸ್ ಒಂದ್ಸಲ ನೋಡಿ, ಅವರಿಗೆ ನೆನಪಿರೋ ಆದ್ರೆ ಬೇರೆಯವರಿಗೆ ಊಹಿಸೋಕಾಗದ ನಂಬರ್ ಹಾಕಿಸಿ ಕೊಡಿ.

ಮೆಷಿನ್ನು ಕ್ಯಾಮೆರಾ ಏನೂ ಇಲ್ದೆ, ಬರೀ ಮಾತಲ್ಲೇ ಕದಿಯೋರು ಇನ್ನೊಂದು ಗುಂಪು, ನನಗೆ ಇವರ ಬಗ್ಗೆಯೇ ಹೆಚ್ಚು ಆತಂಕ. ಯಾಕಂದ್ರೆ ಇಲ್ಲಿ ಸಿಕ್ಕಿಬೀಳೋದು ಒಳ್ಳೇ ಮನಸ್ಸಿನವರು, ಬೇರೆಯವರು ಸಹಾಯ ಮಾಡ್ತೀನಿ ಅಂದಾಗ ಬೇಡ ಅನ್ನೋಕೆ ಸಂಕೋಚ ಪಡೋರು. ಕಾರ್ಡ್ ಸ್ಲಾಟಲ್ಲಿ ಒಂದು ತೆಳು ಪಟ್ಟಿ ಸಿಕ್ಕಿಸಿರ್ತಾರೆ, ನಿಮ್ಮ ಕಾರ್ಡ್ ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಏನ್ಮಾಡೋದು ಅಂತ ನಿಂತಿರೋವಾಗ ಹಿಂದಿದ್ದೋನು ಬಂದು ನನಗೂ ಹೀಗೇ ಆಗಿತ್ತು, ಪಿನ್ ಇನ್ನೊಂದ್ಸಲ ಹಾಕಿ ಕ್ಯಾನ್ಸಲ್ ಒತ್ತಿ, ಬರುತ್ತೆ ಅಂತಾನೆ. ನೀವು ಹಾಕ್ತೀರಾ, ಅವನು ನೋಡ್ಕೋತಾನೆ, ಕಾರ್ಡ್ ಬರಲ್ಲ, ನೀವು ಬ್ಯಾಂಕಿಗೆ ಹೇಳೋಣ ಅಂತ ಹೋಗ್ತೀರಾ, ಆ ಕಡೆ ಅವನು ಪಟ್ಟಿ ಎಳೆದು ಕಾರ್ಡ್ ತಗೊಂಡು ಹೋಗ್ತಾನೆ. ಇನ್ನೊಂದು ಥರದಲ್ಲಿ ಸಹಾಯ ಮಾಡೋ ನೆಪದಲ್ಲಿ ಕಾರ್ಡ್ ಕೈಗೆ ತಗೊಂಡು ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೆ ಕಾರ್ಡ್ ವಾಪಸ್ ಕೊಡ್ತಾನೆ, ನೀವು ಹೆಸರು ನೋಡದೆ ಪರ್ಸಿಗೆ ಹಾಕ್ಕೋತೀರಾ. ಇಲ್ಲಾ ನೀವು ಪಿನ್ ಹಾಕಿದ ಮೇಲೆ ಭುಜ ತಟ್ಟಿ ನಿಮ್ಮ ದುಡ್ಡು ಕೆಳಗೆ ಬಿತ್ತು ನೋಡಿ ಅಂತಾರೆ, ನೀವು ಬಗ್ಗಿದ ಎರಡು ಸೆಕೆಂಡಲ್ಲಿ ಇನ್ನೊಬ್ಬ ಕಾರ್ಡ್ ಎತ್ತಿರ್ತಾನೆ.

ಇದಕ್ಕೆಲ್ಲ ಒಂದೇ ಕಟ್ಟುನಿಟ್ಟು: ಎಟಿಎಂ ಮುಂದೆ ಇರೋವಾಗ ಗುರುತಿಲ್ಲದವರ ಸಹಾಯ ಬೇಡ, ಕಾರ್ಡ್ ಇನ್ನೊಬ್ಬರ ಕೈಗೆ ಕೊಡೋದು ಬೇಡ, ಯಾರು ಏನೇ ಕೂಗಿದ್ರೂ ಮೊದ್ಲು ಕಾರ್ಡು ಮತ್ತೆ ದುಡ್ಡು ಜೇಬಿಗೆ, ಆಮೇಲೆ ತಿರುಗಿ ನೋಡೋದು. ಕಾರ್ಡ್ ಸಿಕ್ಕಾಕೊಂಡ್ರೆ ಅಲ್ಲಿಂದ ಕದಲ್ಬೇಡಿ, ಅಲ್ಲೇ ನಿಂತು ಫೋನಿಂದ ಕಾರ್ಡ್ ಬ್ಲಾಕ್ ಮಾಡಿ. ಸಾಧ್ಯ ಇದ್ರೆ ಬ್ಯಾಂಕ್ ಶಾಖೆ ಒಳಗಿರೋ ಎಟಿಎಂ, ಅದೂ ಬ್ಯಾಂಕ್ ತೆರೆದಿರೋ ಹೊತ್ತಲ್ಲಿ ಬಳಸಿದ್ರೆ ಕೇಳೋಕೆ ಅಸಲಿ ಸಿಬ್ಬಂದಿ ಇರ್ತಾರೆ.

ಅಂಗಡಿ, ಹೋಟೆಲ್ಲು ಇಂಥ ಕಡೆ ಕಾರ್ಡ್ ಕಣ್ಣಿಂದ ಮರೆಯಾಗಬಾರದು. ಅಂಗೈಯಲ್ಲಿ ಅಡಗೋ ಸ್ಕಿಮ್ಮರ್ ಇವೆ, ಒಂದ್ಸಲ ಉಜ್ಜಿದ್ರೆ ಮುಗೀತು, ಅದೂ ಬೇಡ, ಫೋನಲ್ಲಿ ಹಿಂದೆ ಮುಂದೆ ಎರಡು ಫೋಟೋ ತೆಗೆದ್ರೆ ಒಟಿಪಿ ಕೇಳದ ಸೈಟಲ್ಲಿ ಆನ್‌ಲೈನ್ ಶಾಪಿಂಗಿಗೆ ಬೇಕಾದ್ದೆಲ್ಲ ಸಿಗುತ್ತೆ. ಮೆಷಿನ್ ಇಲ್ಲಿಗೇ ತನ್ನಿ, ಇಲ್ಲಾ ನಾನೇ ಬರ್ತೀನಿ ಅಂತ ಹೇಳೋದ್ರಲ್ಲಿ ಅವಮಾನ ಏನೂ ಇಲ್ಲ, ಪ್ರಾಮಾಣಿಕವಾಗಿ ಕೆಲಸ ಮಾಡೋರು ಬೇಜಾರೂ ಮಾಡ್ಕೊಳ್ಳಲ್ಲ. ಮತ್ತೆ ರೈಲಲ್ಲೋ, ಕ್ಯೂನಲ್ಲೋ ನಿಂತು ಫೋನಲ್ಲಿ ಹದಿನಾರಂಕಿ ಕಾರ್ಡ್ ನಂಬರ್ ಜೋರಾಗಿ ಓದಿ ಹೇಳೋದನ್ನ ನೋಡಿದ್ರೆ ಸಂಕಟ ಆಗುತ್ತೆ, ಪಕ್ಕದಲ್ಲಿದ್ದೋನು ಬರ್ಕೊಳ್ಳೋಕೆ ಏನು ಕಷ್ಟ.

ಟ್ಯಾಪ್ ಮಾಡೋ ಕಾರ್ಡ್ ಬಗ್ಗೆ ಹೆದರಿಕೆ ಜಾಸ್ತಿ, ಆದ್ರೆ ಅದು ಇದ್ದಿದ್ದರಲ್ಲಿ ವಾಸಿ. ಅದು 13.56 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕೆಲವೇ ಸೆಂಟಿಮೀಟರ್ ದೂರದಿಂದ ಮಾತಾಡುತ್ತೆ, ಮಾತಾಡೋದು ಪಟ್ಟಿ ಅಲ್ಲ ಚಿಪ್ಪು, ಅದೇ ಒಂದ್ಸಲದ ಕೋಡು ಇಲ್ಲೂ ಇದೆ. ಯಾರಾದ್ರೂ ಜೇಬಿಗೆ ರೀಡರ್ ತಾಗಿಸಿದ್ರೆ ಕಾರ್ಡ್ ನಂಬರು, ಮುಗಿಯೋ ತಾರೀಕು ಸಿಗಬಹುದು, ಹಿಂದಿರೋ ಮೂರಂಕಿ ಸಿಗಲ್ಲ, ಪಿನ್ನೂ ಸಿಗಲ್ಲ. ಎರಡು ಮೂರು ಟ್ಯಾಪ್ ಕಾರ್ಡ್ ಒಂದ್ರ ಮೇಲೊಂದಿದ್ರೆ ರೀಡರ್ರಿಗೇ ಗೊಂದಲ ಆಗುತ್ತೆ. ಹಾಗಾಗಿ ರೇಡಿಯೋ ತಡೆಯೋ ಪರ್ಸಿಗೆ ದುಡ್ಡು ಹಾಕೋದಕ್ಕಿಂತ ಪಿನ್ ಮುಚ್ಚೋ ಅಭ್ಯಾಸ ಎಷ್ಟೋ ಮೇಲು. ಟ್ಯಾಪಲ್ಲಿ ನಿಜವಾದ ತೊಂದರೆ ಕಾರ್ಡೇ ಕಳೆದುಹೋದಾಗ, ಯಾಕಂದ್ರೆ ಒಂದು ಮಿತಿಯೊಳಗಿನ ಮೊತ್ತಕ್ಕೆ ಪಿನ್ ಕೇಳಲ್ಲ, ಸಿಕ್ಕಿದೋನು ಸಣ್ಣ ಸಣ್ಣದಾಗಿ ಖರ್ಚು ಮಾಡ್ತಾನೆ. ಮತ್ತೆ ಟ್ಯಾಪ್ ಮಾಡೋ ಮುಂಚೆ ಸ್ಕ್ರೀನಲ್ಲಿ ಮೊತ್ತ ನೋಡಿ, ಒಂದು ಸೊನ್ನೆ ಹೆಚ್ಚಿದ್ರೂ ಆಮೇಲೆ ಓಡಾಡ್ಬೇಕಾಗುತ್ತೆ.

ಫೋನಿಂದ ಟ್ಯಾಪ್ ಮಾಡೋದು ಇನ್ನೂ ಒಳ್ಳೇದು. ಅಲ್ಲಿ ಅಂಗಡಿಯವನ ಮೆಷಿನ್ನಿಗೆ ಹೋಗೋದು ನಿಮ್ಮ ಅಸಲಿ ಕಾರ್ಡ್ ನಂಬರ್ ಅಲ್ಲ, ಅದ್ರ ಬದಲಿಗೆ ಕೊಟ್ಟಿರೋ ಟೋಕನ್ ಅನ್ನೋ ಬೇರೆ ನಂಬರು, ಅದು ಆ ಫೋನಿಗೆ ಮಾತ್ರ ಸಲ್ಲುತ್ತೆ, ಜೊತೆಗೆ ಬೆರಳೋ ಮುಖವೋ ತೋರಿಸ್ಬೇಕು, ಇಲ್ಲಾ ಫೋನಿನ ಪಾಸ್‌ಕೋಡ್ ಒತ್ತಬೇಕು. ಆದ್ರೆ ಇದ್ರಿಂದ ಫೋನಿನ ಪಾಸ್‌ಕೋಡೇ ಈಗ ದೊಡ್ಡ ಪಿನ್ ಆಗಿದೆ. ರಶ್ಶಲ್ಲಿ ಪಾಸ್‌ಕೋಡ್ ಒತ್ತೋದನ್ನ ನೋಡಿಟ್ಕೊಂಡು ಆಮೇಲೆ ಫೋನ್ ಕಿತ್ಕೊಂಡು ಹೋಗೋ ಕಳ್ಳರು ಹುಟ್ಟಿಕೊಂಡ್ರು, ಆಪಲ್‌ನವರು ಇದಕ್ಕೇ 2024ರ ಜನವರಿಯಲ್ಲಿ ಐಫೋನಿಗೆ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ (ಕದ್ದ ಫೋನಿಗೆ ರಕ್ಷಣೆ) ಅಂತ ಹೊಸ ಸೆಟ್ಟಿಂಗ್ ಕೊಟ್ರು. ಹೊರಗೆ ಇರೋವಾಗ ಬೆರಳು ಅಥವಾ ಮುಖದಿಂದ್ಲೇ ಅನ್‌ಲಾಕ್ ಮಾಡಿ, ಪಾಸ್‌ಕೋಡ್ ಒತ್ತಲೇಬೇಕಾದ್ರೆ ಎಟಿಎಂನಲ್ಲಿ ಮುಚ್ಚೋ ಹಾಗೇ ಮುಚ್ಚಿ, ಬ್ಯಾಂಕ್ ಆ್ಯಪಿಗೆ ಬೇರೆಯದೇ ಪಿನ್ ಇಡಿ.

ಫ್ರೀ ವೈಫೈ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಈಗಿನ ಬ್ಯಾಂಕ್ ಆ್ಯಪು, ಪೇಮೆಂಟ್ ಸೈಟು ಎಲ್ಲ ಮಾಹಿತಿಯನ್ನ ಗೂಢಲಿಪಿ ಮಾಡೇ ಕಳಿಸೋದು, ಗಾಳಿಯಲ್ಲಿ ಕೇಳಿಸ್ಕೊಂಡೋನಿಗೆ ಅರ್ಥ ಆಗಲ್ಲ. ಅಪಾಯ ಇರೋದು ವೈಫೈಗೆ ಸೇರ್ಕೊಳ್ಳೋ ಪೇಜಲ್ಲೇ ಕಾರ್ಡ್ ಡೀಟೇಲ್ಸ್ ಹಾಕಿ ಅಂದಾಗ, ಅಂಥದ್ದಕ್ಕೆ ಯಾವತ್ತೂ ಕೊಡ್ಬೇಡಿ. ಅದೇ ಥರ ಪಾರ್ಕಿಂಗ್ ಮೆಷಿನ್ ಮೇಲೆ, ಗೋಡೆ ಮೇಲೆ ಇರೋ ಕ್ಯೂಆರ್ ಕೋಡು ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಹಾಕಿದ ಹಾಗಿದ್ಯಾ ಅಂತ ಉಗುರಲ್ಲಿ ಕೆರೆದು ನೋಡಿ, ಸ್ಕ್ಯಾನ್ ಆದ್ಮೇಲೆ ಬರೋ ಹೆಸರು, ಸೈಟಿನ ವಿಳಾಸ ಓದಿ.

ಎಷ್ಟೇ ಹುಷಾರಾಗಿದ್ರೂ ಒಂದಲ್ಲ ಒಂದು ದಿನ ಏನಾದ್ರೂ ಆಗಬಹುದು, ಆಗ ನಷ್ಟ ಎಷ್ಟು ಅನ್ನೋದು ಇವತ್ತು ನೀವು ಮಾಡಿಟ್ಟಿರೋ ಸೆಟ್ಟಿಂಗ್ ಮೇಲೆ ಹೋಗುತ್ತೆ. ಪ್ರತಿ ವ್ಯವಹಾರಕ್ಕೂ ಮೆಸೇಜ್ ಬರೋ ಹಾಗೆ ಇಟ್ಕೊಳ್ಳಿ, ಎಷ್ಟೇ ಸಣ್ಣ ಮೊತ್ತ ಆದ್ರೂ, ಯಾಕಂದ್ರೆ ಕಳ್ಳರು ದೊಡ್ಡದಕ್ಕೆ ಕೈ ಹಾಕೋ ಮುಂಚೆ ಕಾರ್ಡ್ ನಡೆಯುತ್ತಾ ಅಂತ ತೀರಾ ಚಿಲ್ಲರೆ ಮೊತ್ತ ಹಾಕಿ ನೋಡ್ತಾರೆ. ಆ್ಯಪಲ್ಲಿ ದಿನದ ಮಿತಿ ಇಳಿಸೋಕೆ, ವಿದೇಶಿ ವ್ಯವಹಾರ ಆಫ್ ಮಾಡೋಕೆ ಅವಕಾಶ ಇದ್ರೆ ಈಗಲೇ ಮಾಡಿ, ಬೇಕಾದ ದಿನ ಆನ್ ಮಾಡ್ಕೊಂಡ್ರಾಯ್ತು, ಸ್ಕಿಮ್ ಮಾಡಿದ ಪಟ್ಟಿ ದೂರದ ದೇಶದಲ್ಲಿ ಸತ್ತೇ ಹೋಗುತ್ತೆ. ಉಳಿತಾಯದ ದೊಡ್ಡ ಮೊತ್ತ ಇರೋ ಖಾತೆಗೂ ದಿನಾ ಹೊರಗೆ ಬಳಸೋ ಕಾರ್ಡಿಗೂ ಸಂಬಂಧ ಇಲ್ಲದ ಹಾಗೆ ಮಾಡೋದು ಇನ್ನೂ ಕ್ಷೇಮ. ಎಲ್ಲ ಕಾರ್ಡನ್ನೂ ಒಂದೇ ಪರ್ಸಲ್ಲಿ ಹೊತ್ಕೊಂಡು ತಿರುಗ್ಬೇಡಿ, ಅವಧಿ ಮುಗಿದ ಕಾರ್ಡ್ ಎಸೆಯೋವಾಗ ಚಿಪ್ಪು ಮತ್ತೆ ಪಟ್ಟಿ ಎರಡನ್ನೂ ಅಡ್ಡ ಕತ್ತರಿಸಿ.

ಕಾರ್ಡ್ ಹೋಯ್ತು ಅಥವಾ ನೀವು ಮಾಡದ ಖರ್ಚಿನ ಮೆಸೇಜ್ ಬಂತು ಅಂತಿಟ್ಕೊಳ್ಳಿ, ಮೊದಲ ಕೆಲಸ ಹುಡುಕೋದಲ್ಲ, ಲಾಕ್ ಮಾಡೋದು. ಆ್ಯಪಲ್ಲಿ ತಾತ್ಕಾಲಿಕ ಲಾಕ್ ಒತ್ತೋಕೆ ಅರ್ಧ ನಿಮಿಷ ಸಾಕು, ಕಾರ್ಡ್ ಸೋಫಾ ಕೆಳಗೆ ಸಿಕ್ಕಿದ್ರೆ ತೆಗೀಬಹುದು. ಬ್ಯಾಂಕಿನ ಸಹಾಯವಾಣಿ ನಂಬರ್ ಕಾರ್ಡಿನ ಹಿಂದೆ ಇರುತ್ತೆ, ಕಾರ್ಡೇ ಹೋದ್ರೆ ನಂಬರೂ ಹೋಯ್ತು, ಅದಕ್ಕೆ ಇವತ್ತೇ ಫೋನಲ್ಲೂ, ಮನೆಯವರ ಹತ್ರನೂ ಬರೆದಿಡಿ. ಗಾಬರಿಯಲ್ಲಿ ನೆಟ್ಟಲ್ಲಿ ಹುಡುಕಿದ್ರೆ ನಕಲಿ ಕಸ್ಟಮರ್ ಕೇರ್ ನಂಬರ್ ಮೊದ್ಲು ಸಿಗೋ ಸಾಧ್ಯತೆ ಇದೆ. ಬ್ಯಾಂಕಿಗೆ ಹೇಳಿದ ಮೇಲೆ ದೂರಿನ ನಂಬರ್ ತಗೊಳ್ಳಿ, ಬರವಣಿಗೆಯಲ್ಲೂ ಕೊಡಿ, ಪೊಲೀಸರಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದ್ರಿ ಅನ್ನೋದ್ರ ಮೇಲೆ ದುಡ್ಡು ವಾಪಸ್ ಸಿಗೋದು ತುಂಬಾ ಕಡೆ ನಿಂತಿರುತ್ತೆ, ನಾಳೆ ನೋಡೋಣ ಅಂತ ಮಲಗ್ಬೇಡಿ.

ಪರ್ಸ್ ಕಳವಾದ ಒಂದೆರಡು ಗಂಟೆಯಲ್ಲಿ ಒಂದು ಫೋನ್ ಬರಬಹುದು, ಬ್ಯಾಂಕಿಂದ ಮಾತಾಡ್ತಿದ್ದೀವಿ, ನಿಮ್ಮ ಕಾರ್ಡ್ ಸಿಕ್ಕಿದೆ, ಬ್ಲಾಕ್ ಮಾಡೋಕೆ ಪಿನ್ ಹೇಳಿ, ಒಟಿಪಿ ಹೇಳಿ ಅಂತ. ನಿಮ್ಮ ಹೆಸರು, ಕಾರ್ಡಿನ ಕೊನೇ ನಾಲ್ಕಂಕಿ ಎಲ್ಲ ಸರಿಯಾಗೇ ಹೇಳ್ತಾರೆ, ಹೇಳದೇ ಇರ್ತಾರಾ, ಕಾರ್ಡ್ ಅವರ ಕೈಲೇ ಇದ್ಯಲ್ಲ. ಬ್ಲಾಕ್ ಮಾಡೋಕೆ ಯಾವ ಬ್ಯಾಂಕಿಗೂ ನಿಮ್ಮ ಪಿನ್ ಬೇಕಾಗಲ್ಲ. ಫೋನ್ ಇಟ್ಟು, ಬರೆದಿಟ್ಟಿರೋ ನಂಬರಿಗೆ ನೀವೇ ಮಾಡಿ.